ತಿರುಗಿಸದ ನಲ್ಲಿ

ಜೂನ್ ೩, ಸೋಮವಾರ

ಟೇಲರನ ಬೆಕ್ಕು ಇವತ್ತು ನನ್ನ ಮೇಜಿನ ಮೇಲೆ ಸತ್ತಿತು. ಅದರ ಹೆಸರು ಮೆಷಿನ್. ಅದು ಗುರುಗುಟ್ಟಲು ಶುರುಮಾಡಿದರೆ ಹೊಲಿಗೆ ಯಂತ್ರ ಓಡುತ್ತಿದೆಯೋ ಬೆಕ್ಕು ಮಲಗಿದೆಯೋ ಅಂಗಡಿಗೆ ಬಂದವರಿಗೆ ತಿಳಿಯುವುದಿಲ್ಲವೆಂದು ಟೇಲರನೇ ಇಟ್ಟ ಹೆಸರು. ಏಳು ವರ್ಷದ ಗಂಡು, ಬೂದು ಬಣ್ಣ, ಕೊಳೆತ ಹಲ್ಲು ಎರಡು. ಆ ಹಲ್ಲು ಕೀಳಿಸುವುದಕ್ಕೇ ತಂದಿದ್ದರು. ಅರಿವಳಿಕೆ ಕೊಟ್ಟು, ಗಂಟಲಿಗೆ ಕೊಳವೆ ಇಳಿಸಿ, ಇಕ್ಕಳ ಕೈಗೆ ತೆಗೆದುಕೊಳ್ಳುವಷ್ಟರಲ್ಲಿ ಹೃದಯ ನಿಂತಿತು. ಇಪ್ಪತ್ತು ನಿಮಿಷ ಎದೆ ಒತ್ತಿದೆ. ನನ್ನ ಸಹಾಯಕಿ ದೊಡ್ಡಕ್ಕ "ಸಾಕು ಡಾಕ್ಟ್ರಮ್ಮ" ಅಂದ ಮೇಲೆ ನಿಲ್ಲಿಸಿದೆ.

ಮುಂಚಿನ ತಪಾಸಣೆಯಲ್ಲಿ ಎಲ್ಲ ಸರಿಯಾಗಿತ್ತು. ಇಂಥದ್ದು ಆಗುತ್ತದೆ. ಇಪ್ಪತ್ತೆರಡು ವರ್ಷದಿಂದ ಪ್ರಾಣಿಗಳ ಡಾಕ್ಟರು ನಾನು, ಇದೇ ಮೊದಲ ಸಲವೇನಲ್ಲ.

ಹೊರಗೆ ಬೆಂಚಿನ ಮೇಲೆ ಮೂವರು ಕೂತಿದ್ದರು. ಟೇಲರ್, ಅವನ ಹೆಂಡತಿ, ಅವನ ಅಕ್ಕ. ವಿಷಯ ಹೇಳಿದೆ. ಟೇಲರ್ "ಯಾಕೆ ಹೀಗಾಯ್ತು ಮೇಡಂ?" ಅಂದ. "ಬೆಳಿಗ್ಗೆ ಏನಾದ್ರೂ ತಿಂದಿತ್ತಾ?" ಅಂತ ಕೇಳಿದೆ.

ಅಕ್ಕ ಅನ್ನುವ ಆ ಹೆಂಗಸು ತಲೆ ಎತ್ತಿದಳು. "ಐದು ಗಂಟೆಗೆ ಬಾಗಿಲು ಕೆರೀತಿತ್ತು. ಎರಡು ಚಮಚ ಹಾಲು ಹಾಕ್ದೆ. ಎರಡೇ ಚಮಚ."

"ಹೊಟ್ಟೆ ಖಾಲಿ ಇರ್ಬೇಕು ಅಂತ ಚೀಟೀಲಿ ಬರ್ದು ಕೊಟ್ಟಿದ್ನಲ್ಲ" ಅಂದೆ.

ಅಷ್ಟೇ ಅಂದದ್ದು. ಟೇಲರ್ ನಿಧಾನವಾಗಿ ಅಕ್ಕನ ಕಡೆ ತಿರುಗಿದ. ನಾನು ಒಳಗೆ ಬಂದು ಕೈ ತೊಳೆದುಕೊಂಡೆ.

ಔಷಧ ಕಂಪನಿಯವರು ಜನವರಿಯಲ್ಲಿ ಕೊಟ್ಟ ಡೈರಿ ಇದು. ಇವತ್ತಿನ ತನಕ ಕುಂಟು ಮೇಜಿನ ಕಾಲಿಗೆ ಒತ್ತಾಗಿ ಬಿದ್ದಿತ್ತು. ಯಾಕೆ ಎಳೆದು ತೆಗೆದೆನೋ. ಈಗ ಬರೆಯುವಾಗ ಮೇಜು ಅಲ್ಲಾಡುತ್ತಿದೆ.

ಜೂನ್ ೪, ಮಂಗಳವಾರ

ನಿನ್ನೆ ಬರೆದದ್ದರಲ್ಲಿ ಒಂದು ಸುಳ್ಳಿದೆ. ತಾನೊಬ್ಬಳೇ ಓದುವ ಪುಸ್ತಕದಲ್ಲೂ ಸುಳ್ಳು ಬರೆಯುವವಳಿಗೆ ಏನನ್ನಬೇಕು? ತಪಾಸಣೆಯಲ್ಲಿ ಎಲ್ಲ ಸರಿ ಇರಲಿಲ್ಲ. ತಪಾಸಣೆಯೇ ಪೂರ್ತಿ ಆಗಿರಲಿಲ್ಲ.

ಬೆಕ್ಕು ಗುರುಗುಟ್ಟುತ್ತಿರುವಾಗ ಅದರ ಎದೆಗೆ ಸ್ಟೆತಸ್ಕೋಪ್ ಇಟ್ಟರೆ ಕಿವಿಗೆ ಆ ಗುರುಗುರು ಬಿಟ್ಟು ಬೇರೇನೂ ಬೀಳುವುದಿಲ್ಲ. ನನಗೆ ಕೆಲಸ ಕಲಿಸಿದ ಮೇಷ್ಟ್ರು ಅದಕ್ಕೊಂದು ಉಪಾಯ ಹೇಳಿಕೊಟ್ಟಿದ್ದರು: ಪಕ್ಕದ ನಲ್ಲಿ ತಿರುಗಿಸು. ನೀರು ಬಿದ್ದ ಸದ್ದಿಗೆ ಬೆಕ್ಕು ಕಿವಿ ನಿಮಿರಿಸುತ್ತದೆ, ಗುರುಗುಟ್ಟುವುದನ್ನು ನಿಲ್ಲಿಸುತ್ತದೆ. ಹತ್ತು ಸೆಕೆಂಡು ಸಿಗುತ್ತದೆ. ಅಷ್ಟರಲ್ಲಿ ಹೃದಯ ಕೇಳಿಕೊಳ್ಳಬೇಕು, ಬಡಿತದ ನಡುವೆ ಉಸ್ಸೆನ್ನುವ ಸದ್ದೇನಾದರೂ ಇದೆಯೋ ಅಂತ. ಇದ್ದರೆ ಅವತ್ತು ಅರಿವಳಿಕೆ ಇಲ್ಲ, ಬೆಕ್ಕನ್ನು ಮನೆಗೆ ಕಳಿಸಿ ಮೊದಲು ಹೃದಯದ ಪರೀಕ್ಷೆ ಮಾಡಿಸಬೇಕು. ನಮ್ಮ ಕ್ಲಿನಿಕ್ಕಿನಲ್ಲಿ ನಲ್ಲಿ ನೋಡಿಕೊಳ್ಳುವುದು ದೊಡ್ಡಕ್ಕ. ಹದಿನಾರು ವರ್ಷದಿಂದ ನನ್ನ ಜೊತೆಗಿದ್ದಾರೆ. ನನ್ನ ಕೈ ಬೆಕ್ಕಿನ ಮೇಲಿದ್ದರೆ ಅವರ ಕೈ ನಲ್ಲಿಯ ಮೇಲಿರುತ್ತದೆ, ಹೇಳಬೇಕಾಗಿಯೇ ಇಲ್ಲ.

ನಿನ್ನೆಯೂ ಅವರು ಕೈ ಇಟ್ಟಿದ್ದರು. ಹೊರಗೆ ಎಂಟು ಜನ, ಜೊತೆಗೊಂದು ಕಚ್ಚುವ ನಾಯಿ. ನಾನು "ಬಿಡಿ ದೊಡ್ಡಕ್ಕ, ಇಷ್ಟು ಖುಷಿಯಾಗಿರೋ ಬೆಕ್ಕಿಗೆ ಏನು ರೋಗ ಇರತ್ತೆ" ಅಂದೆ. ಹಾಳೆಯಲ್ಲಿ ಹೃದಯ ಅನ್ನುವ ಕಡೆ 'ಸರಿ' ಎಂದು ಬರೆದೆ.

ಇನ್ನೂ ಒಂದಿದೆ. ಕೊಳವೆ ಇಳಿಸುವಾಗ ಒಂದು ಸಲ, ತೆಗೆಯುವಾಗ ಒಂದು ಸಲ, ದೀಪ ಹಿಡಿದು ಗಂಟಲು ನೋಡಿದ್ದೆ. ಒಂದು ಹನಿ ಹಾಲಿರಲಿಲ್ಲ. ವಾಂತಿಯಾಗಿರಲಿಲ್ಲ. ಹಾಲಿನಿಂದ ಸತ್ತದ್ದಲ್ಲ ಅನ್ನುವುದು ಬೆಂಚಿನ ಹತ್ತಿರ ಹೋಗುವ ಮೊದಲೇ ನನಗೆ ಗೊತ್ತಿತ್ತು.

ಹಾಗಂತ ಹಾಲಿನಿಂದ ಸತ್ತಿತು ಎಂದೇನೂ ನಾನು ಹೇಳಲಿಲ್ಲವಲ್ಲ. ಚೀಟಿಯಲ್ಲಿ ಬರೆದು ಕೊಟ್ಟಿದ್ದೆ ಅಂದೆ. ಬರೆದು ಕೊಟ್ಟಿದ್ದು ನಿಜ.

ಜೂನ್ ೬, ಗುರುವಾರ

ಬೆಕ್ಕುಗಳ ಗುರುಗುರುವಿನ ಪಟ್ಟಿ ಮಾಡಲು ಶುರುಮಾಡಿದ್ದೇನೆ. ವಿಜ್ಞಾನ ಅಂದುಕೊಳ್ಳೋಣ. ಬೆಕ್ಕನ್ನು ಮೇಜಿನ ಮೇಲೆ ಕೂರಿಸಿ ತಲೆ ಸವರುವುದು ನಾನು, ಹೆಜ್ಜೆ ಎಣಿಸುತ್ತ ಹಿಂದೆ ಹಿಂದೆ ಹೋಗುವುದು ದೊಡ್ಡಕ್ಕ. ಎಷ್ಟನೇ ಹೆಜ್ಜೆಗೆ ಸದ್ದು ಕೇಳದಾಗುತ್ತದೋ ಅದೇ ಅಳತೆ.

ಬೇಕರಿಯವನ ಕೆಂಚ, ಐದು ಹೆಜ್ಜೆ. ನಡುನಡುವೆ ಮೂಗಿನಲ್ಲಿ ಸೀಟಿ. ಶಾಲೆಯ ಟೀಚರ್ ತಂದ ಅವಳಿ ಮರಿಗಳಲ್ಲಿ ಒಂದು ಮೂರು ಹೆಜ್ಜೆ, ಇನ್ನೊಂದು ಕಿವಿ ಹತ್ತಿರ ಹಿಡಿದರೆ ಮಾತ್ರ. ಒಂದೇ ಹೊಟ್ಟೆಯಲ್ಲಿ ಹುಟ್ಟಿ, ಒಂದೇ ತಟ್ಟೆಯಲ್ಲಿ ತಿಂದು, ಒಂದೇ ಬುಟ್ಟಿಯಲ್ಲಿ ಮಲಗುವವು. ಟೀಚರ್ "ಇದು ಮಾತಾಡಲ್ಲ, ಇದರ ಪಾಲಿಂದೂ ಅದೇ ಮಾತಾಡತ್ತೆ" ಅಂದರು.

ನಿವೃತ್ತ ನ್ಯಾಯಾಧೀಶರ ಬಿಳಿ ಹೆಣ್ಣು, ಸೊನ್ನೆ. ಅವರು "ಎಂಟು ವರ್ಷ ಸಾಕಿದೀನಿ, ಇದಕ್ಕೆ ನಾನು ಇಷ್ಟಾನೋ ಇಲ್ವೋ, ಇನ್ನೂ ತೀರ್ಪು ಬಂದಿಲ್ಲ" ಅಂದರು. ಅವರ ಬೆರಳು ಹಿಡಿದು ಬೆಕ್ಕಿನ ಗಂಟಲ ಕೆಳಗೆ ಇಟ್ಟೆ. ಅಲ್ಲಿ ಸಣ್ಣಗೆ ನಡುಗುತ್ತಿತ್ತು. ಮುದುಕರು ಬೆರಳು ತೆಗೆಯಲಿಲ್ಲ. ಮುಂದಿನವರು ಬಂದು ನಿಂತರೂ ನಾನು ಅವಸರ ಮಾಡಲಿಲ್ಲ.

ಕೊನೆಗೆ ಮೆಷಿನ್ ಎಂದು ಬರೆದೆ. ಒಂಬತ್ತು ಹೆಜ್ಜೆ. ಅವತ್ತು ಅದು ಬೆಂಚಿನ ಮೇಲಿದ್ದಾಗಲೇ ನನಗೆ ಒಳಗೆ ಕೇಳಿಸಿತ್ತು.

"ಸತ್ತಿರೋ ಬೆಕ್ಕನ್ನ ಯಾಕೆ ಪಟ್ಟೀಲಿ ಸೇರಿಸ್ತೀರಿ?" ಅಂತ ದೊಡ್ಡಕ್ಕ ಕೇಳಿದರು. ಪಟ್ಟಿ ಪೂರ್ತಿಯಾಗಬೇಕಲ್ಲ ಅಂದೆ. ಇಷ್ಟು ಜೋರಾಗಿ ಗುರುಗುಟ್ಟುವ ಬೆಕ್ಕಿನ ಹೃದಯ ಯಾವ ಡಾಕ್ಟರಿಗೂ ಕೇಳುತ್ತಿರಲಿಲ್ಲ ಅಂತ ಎಲ್ಲಾದರೂ ಒಂದು ಕಡೆ ಬರೆದಿರಬೇಕು. ಅದಕ್ಕೇ ಈ ಪಟ್ಟಿ. ದೊಡ್ಡಕ್ಕನಿಗೆ ಅದು ಗೊತ್ತಾಗಿದೆ.

ಜೂನ್ ೭, ಶುಕ್ರವಾರ

ದೊಡ್ಡಕ್ಕ ಈಗ ನಾಯಿಗಳಿಗೂ ನಲ್ಲಿ ತಿರುಗಿಸುತ್ತಿದ್ದಾರೆ. ಇವತ್ತು ಒಂದು ಆಮೆಗೂ ತಿರುಗಿಸಿದರು.

ಜೂನ್ ೧೧, ಮಂಗಳವಾರ

ಬಿಳಿ ಕೋಟಿನ ಜೇಬು ಹರಿದಿತ್ತು. ಹರಿದು ಎರಡು ತಿಂಗಳಾಗಿತ್ತು, ಸೇಫ್ಟಿ ಪಿನ್ನಿನಲ್ಲೇ ಓಡುತ್ತಿತ್ತು. ಇವತ್ತು ಮಧ್ಯಾಹ್ನ ಟೇಲರನ ಅಂಗಡಿಗೆ ತೆಗೆದುಕೊಂಡು ಹೋದೆ. ಅವರೆಲ್ಲ ಹೇಗಿದ್ದಾರೆ ಅಂತ ನೋಡಬೇಕಿತ್ತು. ಚೆನ್ನಾಗಿದ್ದಾರೆ ಅಂತ ಕಂಡರೆ ನನ್ನ ಪಾಡಿಗೆ ನಾನಿರಬಹುದು ಅಂತ.

ಸಣ್ಣ ಅಂಗಡಿ. ಹಿಂದಿನ ಬಾಗಿಲು ದಾಟಿದರೆ ಮನೆ. ಬಾಗಿಲ ಪಕ್ಕ ಬಟ್ಟೆ ಹಾಕಿ ನೋಡಿಕೊಳ್ಳುವ ಕನ್ನಡಿ, ಮೂಲೆಯಲ್ಲಿ ಒಂದು ಗಿಡ್ಡ ಸ್ಟೂಲು. ಅದರ ಮೇಲೆ ಟೇಲರನ ಅಕ್ಕ ಗೋಡೆಯ ಕಡೆ ಮುಖ ಮಾಡಿ ಕೂತು ಗುಂಡಿ ಹಾಕುತ್ತಿದ್ದಳು. ಗಂಡ ಹೋದ ಮೇಲೆ ತಮ್ಮನ ಮನೆಗೆ ಬಂದು ಎಂಟು ವರ್ಷವಾಯಿತಂತೆ. ಕಾಜಾ, ಗುಂಡಿ, ಅಂಚು, ಎಲ್ಲ ಕೈಹೊಲಿಗೆಯೂ ಅವಳದೇ. ಬೆಕ್ಕು ಮಲಗುತ್ತಿದ್ದುದೂ ಅವಳ ಮಡಿಲಲ್ಲೇ ಎಂದು ಟೇಲರ್ ಹಿಂದೊಮ್ಮೆ ಹೇಳಿದ್ದ. ಇವತ್ತು ಅವನು ಆ ಕಡೆ ನೋಡದೆ ಹೊಲಿಯುತ್ತಿದ್ದ. ಕತ್ತರಿ ಬೇಕಾದಾಗ ಅವಳನ್ನು ಕೇಳದೆ ಎದ್ದು ಹೋಗಿ ಅವಳ ಕಾಲ ಹತ್ತಿರದಿಂದ ತಾನೇ ತೆಗೆದುಕೊಂಡ.

"ಜೇಬು ಹಾಕೋಕೆ ಅಕ್ಕನ ಹತ್ರ ಕೊಡಿ" ಅಂದ, ನನ್ನ ಮುಖ ನೋಡಿಕೊಂಡೇ.

ಒಳಗಿನಿಂದ ಬಂದ ಟೇಲರನ ಹೆಂಡತಿ ನಗುತ್ತ, "ನೋಡ್ಕೊಂಡು ಕೊಡಿ ಡಾಕ್ಟ್ರೇ, ಕೋಟಿಗೂ ಹಾಲು ಕುಡಿಸಿಬಿಟ್ಟಾರು" ಅಂದಳು.

ನಾನು ನಕ್ಕೆ.

ಗುಂಡಿ ಹಾಕುತ್ತಿದ್ದ ಕೈ ಒಂದು ಕ್ಷಣ ನಿಂತು ಮತ್ತೆ ಹೊಲಿಯತೊಡಗಿತು. ಕೋಟನ್ನು ಅವಳ ಪಕ್ಕ ಇಟ್ಟು ಬಂದೆ.

ಜೂನ್ ೧೨, ಬುಧವಾರ

ನಕ್ಕೆನಲ್ಲ. ಬೇರೆ ಏನು ಬೇಕಾದರೂ ಮಾಡಬಹುದಿತ್ತು. ಕೆಮ್ಮಬಹುದಿತ್ತು.

ಜೂನ್ ೧೫, ಶನಿವಾರ

ಅಮ್ಮನಿಗೆ ಹೇಳಿದೆ. ನನ್ನದು ಅಂತ ಅಲ್ಲ. ನನಗೆ ಗೊತ್ತಿರುವ ಒಬ್ಬ ಡಾಕ್ಟರು ಹೀಗೆ ಮಾಡಿಬಿಟ್ಟರಂತೆ ಅಂತ ಕಥೆ ಕಟ್ಟಿದೆ. ಅಮ್ಮ ಕಾಳು ಆರಿಸುತ್ತ ಕೂತಿದ್ದಳು. ಅವಳ ಕಪ್ಪು ಬೆಕ್ಕು ಮೊರದ ಪಕ್ಕದಲ್ಲೇ ಒರಗಿ ಗುರುಗುಟ್ಟುತ್ತಿತ್ತು. ಅದರದು ಎರಡು ಹೆಜ್ಜೆ, ಅಮ್ಮ ಬೈದರೆ ನಾಲ್ಕು. ಬೈಸಿಕೊಂಡರೆ ಅದಕ್ಕೆ ಇನ್ನೂ ಖುಷಿ.

ಪೂರ್ತಿ ಕೇಳಿ ಅಮ್ಮ, "ಆ ಡಾಕ್ಟ್ರಿಗೆ ಊಟ ಸೇರ್ತಾ ಇದ್ಯಾ?" ಅಂದಳು.

"ನನಗೇನು ಗೊತ್ತು?"

"ನಿನಗಂತೂ ಸೇರ್ತಿಲ್ಲ. ಹತ್ತು ದಿನದಿಂದ ತಟ್ಟೇಲಿ ಗೀರು ಹಾಕ್ಕೊಂಡು ಏಳ್ತಿದೀಯ."

ಅಮ್ಮ ಒಂದು ಕಲ್ಲು ಹೆಕ್ಕಿ ಎಸೆದಳು. "ಬೆಕ್ಕು ಕಣ್ಮುಚ್ಕೊಂಡು ಹಾಲು ಕುಡಿದ್ರೆ ಊರಿಗೆ ಕಾಣಲ್ಲ ಅಂದ್ಕೊಳತ್ತಂತೆ. ಇಲ್ಲಿ ಹಾಲು ಕೊಟ್ಟೋಳ ಮೇಲೆ ಹೊರಿಸಿ ಕಣ್ಮುಚ್ಕೊಂಡಿದೀಯ. ಹೋಗಿ ಹೇಳು."

"ಹೇಳಿದ್ರೆ ನಾಳೆಯಿಂದ ಯಾರೂ ಬೆಕ್ಕು ತರಲ್ಲ ಅಮ್ಮ."

"ತರದಿದ್ರೆ ಕಾಳು ಆರಿಸು ಬಾ."

ತಾಯಿ ಅಂದರೆ ಸಮಾಧಾನ ಮಾಡುತ್ತಾಳೆ ಅಂತ ಯಾರು ಹೇಳಿದ್ದೋ. ನಲವತ್ತೆಂಟು ವರ್ಷದ ಮಗಳನ್ನು ಮೂಲೆಯಲ್ಲಿ ನಿಲ್ಲಿಸಿದ ಹಾಗೆ ನಿಲ್ಲಿಸಿದಳು.

ಜೂನ್ ೧೮, ಮಂಗಳವಾರ

ಇವತ್ತು ಟೇಲರನ ಅಕ್ಕ ಕ್ಲಿನಿಕ್ಕಿಗೆ ಬಂದಿದ್ದಳು. ಕೋಟು ತಂದುಕೊಟ್ಟಳು. ಜೇಬನ್ನು ಎಷ್ಟು ನೀಟಾಗಿ ಹಾಕಿದ್ದಾಳೆಂದರೆ ಹರಿದಿತ್ತು ಅನ್ನುವುದೇ ಗೊತ್ತಾಗುವುದಿಲ್ಲ. ಕೊಟ್ಟ ಮೇಲೂ ಹೋಗಲಿಲ್ಲ, ಬೆಂಚಿನ ಮೇಲೆ ಕೂತಳು. ಎಲ್ಲರೂ ಹೋಗುವ ತನಕ ಕಾದಳು.

"ಒಂದು ಮಾತು ಕೇಳ್ಬೇಕಿತ್ತು ಡಾಕ್ಟ್ರೇ. ಎರಡು ಚಮಚ ಹಾಲಿಗೆ ಬೆಕ್ಕು ಸಾಯತ್ತಾ?"

ಕಣ್ಣಲ್ಲಿ ನೀರಿಲ್ಲ, ಜಗಳವೂ ಇಲ್ಲ. ಹಾಸಿಗೆ ಹಿಡಿದವರ ಮನೆಯವರು ಇನ್ನೆಷ್ಟು ದಿನ ಎಂದು ಕೇಳುವಂಥ ದನಿ. ಉತ್ತರ ನನ್ನ ಬಾಯಲ್ಲೇ ಇತ್ತು. ಸಾಯಲ್ಲ ಅಂದರೆ ಮುಗಿದಿತ್ತು. ಮೂರೇ ಅಕ್ಷರ.

"ಹಾಗೆ ಇಂಥದ್ದೇ ಅಂತ ಹೇಳೋಕೆ ಬರಲ್ಲ" ಅಂದೆ. "ಬೇರೆ ಬೇರೆ ಕಾರಣ ಎಲ್ಲಾ ಸೇರಿರತ್ತೆ. ನೀವು ಮನಸ್ಸಿಗೆ ಹಚ್ಕೋಬೇಡಿ."

"ನಾನು ಹಚ್ಕೊಂಡಿಲ್ಲ. ಅವರು ಹಚ್ಚಿದಾರೆ." ಮಡಿಲ ಮೇಲಿನ ಸೆರಗು ಸರಿಮಾಡಿಕೊಂಡು ಮತ್ತೆ ಅಂದರು, "ಅದು ನನ್ನ ಮಡಿಲಲ್ಲಿ ಮಲಗಿದಾಗ ಗುಂಡಿ ಹಾಕೋಕೆ ಆಗ್ತಿರ್ಲಿಲ್ಲ, ಸೂಜಿ ನಡುಗ್ತಿತ್ತು. ಅಷ್ಟು ಜೋರು. ಈಗ ಕೈ ನೆಟ್ಟಗೆ ಓಡತ್ತೆ. ಕೆಲಸ ಬೇಗ ಮುಗಿಯತ್ತೆ."

ಎದ್ದು, ಬೆಂಚನ್ನು ಗೋಡೆಗೆ ಸರಿಸಿ, ಹೋದರು. ದೊಡ್ಡಕ್ಕ ಔಷಧದ ಕಪಾಟಿನ ಹತ್ತಿರ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ಕಪಾಟಿನ ಬಾಗಿಲನ್ನು ಬೇಕಾದ್ದಕ್ಕಿಂತ ಜೋರಾಗಿ ಹಾಕಿದರು.

ಜೂನ್ ೨೦, ಗುರುವಾರ

ಇವತ್ತು ಹನ್ನೊಂದು ಹೆಜ್ಜೆಯ ಬೆಕ್ಕೊಂದು ಬಂತು. ಬಸ್ ಡ್ರೈವರನದು, ಹೋರಿಯಂಥ ಗಂಡು, ಕಿವಿಯಲ್ಲಿ ಗಾಯ. ದೊಡ್ಡಕ್ಕ ಬೆಂಚು ದಾಟಿ, ಬಾಗಿಲು ದಾಟಿ, ರಸ್ತೆಯ ಮೇಲೆ ನಿಂತು "ಇನ್ನೂ ಕೇಳ್ತಿದೆ" ಅಂತ ಕೂಗಿದರು. ಡ್ರೈವರ್ "ರಾತ್ರಿ ಪಾಳಿ ಮುಗಿಸಿ ಬಂದು ಮಲಗೋಕೂ ಬಿಡಲ್ಲ ಮೇಡಂ, ಮನೇಲೂ ಎಂಜಿನ್ ಶಬ್ದವೇ" ಎಂದು ಹೆಮ್ಮೆ ಪಟ್ಟುಕೊಂಡ.

ಮೆಷಿನ್‌ಗಿಂತ ಎರಡು ಹೆಜ್ಜೆ ಹೆಚ್ಚು. ಎದೆಗೆ ಸ್ಟೆತಸ್ಕೋಪ್ ಇಟ್ಟೆ. ಬರೀ ಗುರುಗುರು. ದೊಡ್ಡಕ್ಕ ಬಂದು ನಲ್ಲಿ ತಿರುಗಿಸಿದರು. ಬೆಕ್ಕು ಕತ್ತು ಹೊರಳಿಸಿ ನೀರಿನ ಕಡೆ ನೋಡಿತು. ಸದ್ದು ನಿಂತಿತು. ಡಬ್ ಡಬ್ ಅಂತ ಒಂದೊಂದೂ ಬಿಡಿಸಿ ಇಟ್ಟ ಹಾಗೆ ಕೇಳಿತು. ನನಗೆ ಹದಿಮೂರು ಸೆಕೆಂಡು ಸಿಕ್ಕಿತು.

ಪಟ್ಟಿಯ ಹಾಳೆ ಹರಿದು ಹಾಕಿದೆ. ಯಾವ ಡಾಕ್ಟರಿಗೂ ಕೇಳುತ್ತಿರಲಿಲ್ಲ ಅನ್ನುವುದಕ್ಕೆ ಇನ್ನು ಜಾಗವಿಲ್ಲ. ನಲ್ಲಿ ತಿರುಗಿಸಿದ ಯಾವ ಡಾಕ್ಟರಿಗಾದರೂ ಕೇಳುತ್ತಿತ್ತು.

ಜೂನ್ ೨೨, ಶನಿವಾರ

ಬರೆಯುವುದಕ್ಕೆ ನಾಚಿಕೆಯಾಗುತ್ತದೆ. ಬರೆಯದೆ ಇರುವುದಕ್ಕೂ.

ಜೂನ್ ೨೪, ಸೋಮವಾರ

ಊಟದ ಹೊತ್ತಿಗೆ ದೊಡ್ಡಕ್ಕ ಡಬ್ಬಿ ಬಿಚ್ಚದೆ ನನ್ನೆದುರು ಕೂತರು. ಬೀದಿಯ ಸುದ್ದಿಯೆಲ್ಲ ಅವರ ಕಿವಿಗೆ ಬರುತ್ತದೆ.

"ಟೇಲರ್ ಅಕ್ಕ ಶನಿವಾರ ಹೊರಡ್ತಾರಂತೆ. ದೂರದ ಊರಲ್ಲಿ ದೊಡ್ಡಾಸ್ಪತ್ರೆ, ಹರಿದ ಹೊದಿಕೆ ಹೊಲಿಯೋ ಕೆಲಸ. ಅಲ್ಲೇ ಇರೋಕೆ ಒಂದು ರೂಮು, ಮೂರು ಜನಕ್ಕೆ ಸೇರಿ."

"ಈ ವಯಸ್ಸಲ್ಲಾ?"

"ಅರವತ್ತು. ಇಲ್ಲಿ ಯಾರೂ ಅವರ ಜೊತೆ ಊಟಕ್ಕೆ ಕೂರಲ್ವಂತೆ. ಹಾಲಿನ ಪಾತ್ರೆ ಕಪಾಟಲ್ಲಿಟ್ಟು ಬೀಗ ಹಾಕ್ತಾರಂತೆ. ತಮಾಷೆಗೆ ಅಂತ ಶುರುವಾಗಿದ್ದು."

ನನ್ನ ಡಬ್ಬಿಯ ಮುಚ್ಚಳ ಹಾಕಿದೆ. "ನೀವು ಅವತ್ತೇ ಹೇಳಬಹುದಿತ್ತಲ್ಲ ದೊಡ್ಡಕ್ಕ" ಅಂದೆ. ಅಂದ ಕೂಡಲೇ ನನ್ನ ನಾಲಿಗೆ ನಾನೇ ಕಚ್ಚಿಕೊಳ್ಳಬೇಕೆನಿಸಿತು. ಅಂಥವಳು ನಾನು, ಇನ್ನೂ ಯಾರ ತಲೆಗೆ ಕಟ್ಟಲಿ ಅಂತ ಹುಡುಕುತ್ತಿದ್ದೇನೆ.

ದೊಡ್ಡಕ್ಕ ಸಿಟ್ಟಾಗಲಿಲ್ಲ. "ಹೇಳಬಹುದಿತ್ತು. ಹದಿನಾರು ವರ್ಷದ ಅನ್ನ ಅಡ್ಡ ಬಂತು. ನನಗೂ ನಾಚಿಕೆ ಆಗತ್ತೆ ಡಾಕ್ಟ್ರಮ್ಮ. ಆದ್ರೆ ನನ್ನ ನಾಚಿಕೆ ನಿಮ್ಮದರಷ್ಟು ದೊಡ್ಡದಲ್ಲ. ಶನಿವಾರದೊಳಗೆ ನೀವು ಹೋಗ್ದಿದ್ರೆ ನಾನು ಹೋಗ್ತೀನಿ."

ಜೂನ್ ೨೬, ಬುಧವಾರ

ಹೇಳುವುದಕ್ಕೇ ಅಂತ ಹೋದೆ. ಅಂಗಡಿಯಲ್ಲಿ ಮೂವರು ಗಿರಾಕಿಗಳಿದ್ದರು. ಅವರು ಹೋಗಲಿ ಅಂತ ಕಾದೆ. ಟೇಲರ್ "ಏನು ಮೇಡಂ ಬೇಕಿತ್ತು?" ಅಂದ. ಇನ್ನೊಂದು ಕೋಟು ಅಂದೆ. ಅಳತೆ ತೆಗೆದುಕೊಂಡ. ತೋಳು, ಬೆನ್ನು, ಉದ್ದ. ಬೇಡದ ಕೋಟಿಗೆ ಕೈ ಚಾಚಿಕೊಂಡು ಕನ್ನಡಿಯೆದುರು ನಿಂತಿದ್ದೆ. ಕನ್ನಡಿಯಲ್ಲಿ ಮೂಲೆಯ ಸ್ಟೂಲು ಕಾಣುತ್ತಿತ್ತು, ಅಲ್ಲಿಂದ ಟೇಲರನ ಅಕ್ಕ ನನ್ನನ್ನು ನೋಡುತ್ತಿದ್ದರು. ನನಗೇನು ಬೇಕಿತ್ತು ಅಂತ ಅವರಿಗೆ ಗೊತ್ತಿತ್ತು ಅನಿಸುತ್ತದೆ.

ಬಂದುಬಿಟ್ಟೆ. ಹೇಡಿ ಅನ್ನುವುದಕ್ಕಿಂತ ಕೀಳಾದ ಮಾತು ಬೇಕು.

ಜೂನ್ ೨೮, ಶುಕ್ರವಾರ

ಹೇಳಿದೆ.

ಬೆಳಿಗ್ಗೆ ಅಂಗಡಿ ತೆರೆಯುವ ಹೊತ್ತಿಗೇ ಹೋಗಿ ನಿಂತೆ. ಟೇಲರ್ ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದ, ಹೆಂಡತಿ ಗುಡಿಸುತ್ತಿದ್ದಳು. ಅಕ್ಕ ಅವರು ಒಳಬಾಗಿಲಲ್ಲಿ ಕೂತು ಒಂದು ಚೀಲಕ್ಕೆ ಬಟ್ಟೆ ಮಡಚಿಡುತ್ತಿದ್ದರು. ಕೂರಿ ಅಂದರೂ ಕೂರಲಿಲ್ಲ. ಕೂತರೆ ಮತ್ತೆ ಕೋಟಿನ ಮಾತಾಡುತ್ತಿದ್ದೆ.

"ಮೆಷಿನ್ ಹಾಲಿಂದ ಸತ್ತಿದ್ದಲ್ಲ. ಅದರ ಗಂಟಲಲ್ಲಿ ಹಾಲು ಇರ್ಲಿಲ್ಲ, ನಾನು ಅವತ್ತೇ ನೋಡಿದ್ದೆ. ಮತ್ತು ಅರಿವಳಿಕೆ ಕೊಡೋ ಮುಂಚೆ ಹೃದಯ ಸರಿಯಾಗಿ ಕೇಳ್ಬೇಕಿತ್ತು. ಅದು ಗುರುಗುಟ್ತಿತ್ತು, ಏನೂ ಕೇಳಿಸ್ಲಿಲ್ಲ. ನಲ್ಲಿ ತಿರುಗಿಸಿದ್ರೆ ಅದು ಸುಮ್ನಾಗ್ತಿತ್ತು, ಕೇಳಬಹುದಿತ್ತು. ನಾನು ತಿರುಗಿಸೋಕೆ ಬಿಡಲಿಲ್ಲ. ಸರಿ ಇದೆ ಅಂತ ಸುಳ್ಳು ಬರೆದೆ."

ಟೇಲರ್ ಎಣ್ಣೆಯ ಕುಪ್ಪಿ ಕೆಳಗಿಟ್ಟ. ಚಿಂದಿಯಲ್ಲಿ ಕೈ ಒರೆಸಿಕೊಂಡು, "ನಲ್ಲಿ ತಿರುಗಿಸೋಕೆ ಎಷ್ಟೊತ್ತಾಗತ್ತೆ ಮೇಡಂ?" ಅಂದ.

"ಹತ್ತು ಸೆಕೆಂಡು."

ಅವನು ತಲೆಯಾಡಿಸಿದ. ಬೈಯುತ್ತಾನೆ ಅಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು. ಅವನು ಒಳಬಾಗಿಲ ಕಡೆ ತಿರುಗಿ, "ನೋಡಕ್ಕ, ನಿನ್ನ ತಪ್ಪೇನೂ ಇರ್ಲಿಲ್ಲ. ನನಗೂ ಒಳಗೊಳಗೇ ಅನಿಸ್ತಿತ್ತು. ಚೀಲ ಬಿಚ್ಚು" ಅಂದ. ಹೆಂಡತಿ ಪೊರಕೆ ಹಿಡಿದುಕೊಂಡೇ, "ನಾವು ತಮಾಷೆಗೆ ಅಂದಿದ್ದು ಅಕ್ಕ, ನೀವು ಎಲ್ಲಾ ಮನಸ್ಸಲ್ಲಿ ಇಟ್ಕೋತೀರಿ" ಅಂದಳು.

ಅವರು ಮಡಚುವುದನ್ನು ನಿಲ್ಲಿಸಲಿಲ್ಲ. ಒಂದು ಸೀರೆ ಮಡಚಿ, ಅದರ ಮೇಲೆ ಕೈಯಾಡಿಸಿ, ಚೀಲಕ್ಕೆ ಹಾಕಿದರು. ನನ್ನ ಕಡೆ ನೋಡದೆ ತಮ್ಮನಿಗೆ ಹೇಳಿದರು.

"ಇವರು ಅವತ್ತು ಒಂದು ಮಾತು ಅಂದ್ರು, ನೀನು ತಕ್ಷಣ ನಂಬ್ದೆ. ಇವತ್ತು ಇನ್ನೊಂದು ಮಾತು ಅಂದ್ರು, ಅದನ್ನೂ ತಕ್ಷಣ ನಂಬ್ದೆ. ನಡುವೆ ಇಪ್ಪತ್ತೈದು ದಿನ ನಾನು ಎರಡೇ ಚಮಚ, ಎರಡೇ ಚಮಚ ಅಂತ ಬಡ್ಕೊಂಡೆ. ಒಂದು ದಿನಾನೂ ನಂಬ್ಲಿಲ್ಲ. ನಾನು ನಾಳೆ ಹೋಗ್ತೀನಪ್ಪ."

ಟೇಲರ್ ಯಂತ್ರದ ಮುಂದೆ ಕೂತು, ಬಟ್ಟೆಯಿಲ್ಲದೆಯೇ ಕಾಲಲ್ಲಿ ತುಳಿದ. ಖಾಲಿ ಸೂಜಿ ಓಡುತ್ತಲೇ ಇತ್ತು. ನಾನು ಸತ್ಯ ಹೇಳಿದರೆ ಎಲ್ಲ ಮೊದಲಿನಂತಾಗುತ್ತದೆ ಎಂದುಕೊಂಡು ಹೋಗಿದ್ದೆ. ಇಷ್ಟು ದಿನ ಹೇಳದೆ ಇದ್ದು, ಆ ಸತ್ಯವನ್ನೂ ಕೈಯಾರೆ ಹಾಳುಮಾಡಿದ್ದೇನೆ. ನಾನು ಮೂರನೇ ತಾರೀಕು ಹೇಳಿದ್ದರೆ ತಮ್ಮನ ನಿಜ ಮುಖ ಅವರಿಗೆ ಕಾಣುತ್ತಲೇ ಇರಲಿಲ್ಲ. ಅದು ಒಳ್ಳೆಯದೋ ಕೆಟ್ಟದೋ ನನಗೆ ತಿಳಿಯುತ್ತಿಲ್ಲ. ಹೊರಗೆ ಬರುವಾಗ ಕ್ಷಮಿಸಿ ಅಂದೆ. ಯಾರಿಗೆ ಅಂದೆನೋ, ಯಾರೂ ತೆಗೆದುಕೊಳ್ಳಲಿಲ್ಲ.

ಜೂನ್ ೨೯, ಶನಿವಾರ

ಹನ್ನೊಂದು ಗಂಟೆಗೆ ಟೇಲರನ ಅಕ್ಕ ಬಂದರು. ಕೈಯಲ್ಲಿ ನಿನ್ನೆಯ ಚೀಲ. ಬಸ್ಸು ಎರಡು ಗಂಟೆಗೆ. ಕಾಯುತ್ತಿದ್ದವರನ್ನು ದಾಟಿ ನೇರ ಒಳಗೆ ಬಂದು ನನ್ನ ಮೇಜಿನೆದುರು ಕೂತರು.

"ನಿನ್ನೆ ಬಾಯಲ್ಲಿ ಹೇಳಿದ್ರಲ್ಲ, ಅದನ್ನ ಕಾಗದದ ಮೇಲೆ ಬರ್ದು ಕೊಡಿ. ನಿಮ್ಮ ಹೆಸರು ಇರೋ ಕಾಗದದಲ್ಲಿ."

ಬರೆದೆ. ಜೂನ್ ಮೂರರಂದು ಸತ್ತ ಬೆಕ್ಕಿನ ಗಂಟಲಲ್ಲಿ ಹಾಲಿರಲಿಲ್ಲ. ಅರಿವಳಿಕೆಗೆ ಮೊದಲು ಅದರ ಹೃದಯವನ್ನು ನಾನು ಸರಿಯಾಗಿ ಪರೀಕ್ಷಿಸಿರಲಿಲ್ಲ. ಸಾವಿಗೆ ಬಹುಶಃ ನನ್ನ ಅಜಾಗ್ರತೆಯೇ ಕಾರಣ. ಹಾಲು ಕೊಟ್ಟವರ ತಪ್ಪಿಲ್ಲ. ಸಹಿ ಮಾಡಿ ಕೊಟ್ಟೆ.

ಅವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಒಂದು ಪದದ ಮೇಲೆ ಬೆರಳಿಟ್ಟರು.

"ಇದು ಯಾಕೆ? ಬಹುಶಃ?"

"ಕೊಯ್ದು ನೋಡಿಲ್ವಲ್ಲ. ನೂರಕ್ಕೆ ನೂರು ಹೃದಯದಿಂದಲೇ ಅಂತ ಹೇಳೋಕೆ ನಮ್ಮ ಕಡೆ..."

"ಅವತ್ತು ಬೆಂಚಿನ ಹತ್ರ ನನಗೆ ಹೇಳುವಾಗ ಬಹುಶಃ ಅಂದಿದ್ರಾ?"

ನಾನು ಪೆನ್ನು ತೆಗೆದುಕೊಂಡು ಆ ಪದಕ್ಕೆ ಗೀಟು ಹಾಕಲು ಹೋದೆ. ಅವರು ಕಾಗದ ಎಳೆದುಕೊಂಡು ನಾಲ್ಕಾಗಿ ಹರಿದರು. "ಗೀಟು ಹಾಕಿದ್ದು ಬೇಡ. ಹೊಸದು ಬರೀರಿ. ಎರಡು ಬರೀರಿ."

ಹೊಸದಾಗಿ ಎರಡು ಬರೆದೆ. ಆ ಪದ ಬರೆಯಲಿಲ್ಲ. ದೊಡ್ಡಕ್ಕ ಕೇಳದೆಯೇ ಬಂದು ಎರಡರ ಮೇಲೂ ಮೊಹರು ಒತ್ತಿ, ಶಾಯಿ ಆರಲಿ ಅಂತ ಊದಿದರು. ಟೇಲರನ ಅಕ್ಕ ಒಂದನ್ನು ಮಡಚಿ ಚೀಲದ ಒಳಜೇಬಿಗೆ ಸೇರಿಸಿದರು. ಇನ್ನೊಂದನ್ನು ನನ್ನ ಕಡೆಗೇ ತಳ್ಳಿದರು.

"ಇದು ಅಂಗಡಿ ಗೋಡೆಗೆ. ಕನ್ನಡಿ ಪಕ್ಕ, ಬಟ್ಟೆ ಹಾಕಿ ನೋಡ್ಕೊಳೋರೆಲ್ಲ ನಿಲ್ಲೋ ಜಾಗ. ಬೀದೀಲಿ ಎಲ್ಲರಿಗೂ ಹಾಲಿನ ಕಥೆ ಗೊತ್ತು, ಇದೂ ಗೊತ್ತಾಗ್ಲಿ. ನನ್ನ ಕೈಲಿ ಅಂಟಿಸೋಕಾಗಲ್ಲ, ನನಗೆ ಬಸ್ಸಿದೆ. ನೀವೇ ಹೋಗಿ ಅಂಟಿಸಿ."

"ಅಂಟಿಸ್ತೀನಿ" ಅಂದೆ.

"ತಮ್ಮ ಬೇಡ ಅಂದ್ರೆ?"

"ಬೇಡ ಅಂದ್ರೂ ಅಂಟಿಸ್ತೀನಿ."

ಅವರು ನನ್ನ ಮುಖವನ್ನು ಮೊದಲ ಸಲ ಪೂರ್ತಿಯಾಗಿ ನೋಡಿದರು. ನಂಬಿದರೋ ಇಲ್ಲವೋ ಹೇಳಲಿಲ್ಲ. ಚೀಲ ಎತ್ತಿಕೊಂಡು ಹೋದರು.

ಈಗ ಹನ್ನೆರಡೂವರೆ. ಕಾಯುತ್ತಿದ್ದವರನ್ನು ಸಂಜೆ ಬನ್ನಿ ಎಂದು ದೊಡ್ಡಕ್ಕ ಕಳಿಸಿದ್ದಾರೆ. ಗೋಂದಿನ ಡಬ್ಬಿ ಮೇಜಿನ ಮೇಲಿದೆ. ಶನಿವಾರ ಈ ಹೊತ್ತಿಗೆ ಟೇಲರನ ಅಂಗಡಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಹೋದರೆ ಜನ ಕಡಿಮೆಯಾಗುತ್ತಾರೆ. ಈಗಲೇ ಹೋಗುತ್ತೇನೆ.